ಮುಂಬಾಗಿಲಿನ ಹಟ್ಟೆವ್ವ

ರಾಣೆಬೆನ್ನೂರು
ದೀಪಾವಳಿ ಪಾಡ್ಯ, ೧೯೯೧

ಅವ್ವಾ,

ನಿನಗೆ ಓದಲು ಬರುತ್ತಿರಲಿಲ್ಲ. ಈಗ ಓದಿ ಹೇಳೋಣವೆಂದರೆ ನೀನೇ ಇಲ್ಲ. ಆದರೂ ಹೋದ ವಾರ ನನ್ನ ಕ್ಲಾಸಿನಲ್ಲಿ ನಡೆದದ್ದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಪಾಠದಲ್ಲಿ ‘ಮಕ್’ ಎಂಬ ಇಂಗ್ಲಿಷ್ ಪದ ಬಂತು. ಹೊಲಸು ಎಂದು ಅರ್ಥ ಹೇಳಿದೆ. ನಿಘಂಟಿನಲ್ಲಿ ಅದರ ಮೂಲವೂ ಇತ್ತು: ನಾರ್ವೆ ಕಡೆಯ ಹಳೆಯ ಭಾಷೆಯಲ್ಲಿ ಅದು ಬರೀ ದನದ ಸಗಣಿಯಂತೆ. ಅದನ್ನೂ ಓದಿ ಹೇಳಿದೆ. ಕದರಮಂಡಲಗಿಯಿಂದ ಬರುವ ಗುತ್ತೆವ್ವ ಎದ್ದು ನಿಂತಳು.

“ಸಗಣಿ ಹೊಲಸ ಹೆಂಗ ಆಕ್ಕೈತ್ರಿ ಟೀಚರ್? ಬರೂ ಪಾಡ್ಯಕ್ಕ ನಮ್ಮವ್ವ ಅದರಾಗನ ಹಟ್ಟೆವ್ವನ್ನ ಮಾಡಿ, ಬಾಗಲಾಗ ಕುಂದ್ರಿಸಿ ಪೂಜಿ ಮಾಡ್ತಾಳ. ನಿಮ್ಮನ್ಯಾಗ ಮಾಡಂಗಿಲ್ಲೇನ್ರಿ?”

“ಮಾಡ್ತೀವಿ, ಕುಂದರು,” ಎಂದೆ. ಯಾವ ಬಾಗಿಲಲ್ಲಿ ಎಂದು ಅವಳು ಕೇಳಲಿಲ್ಲ.

ಮೊಸಾಯಿಕ್ ನೆಲದ ಈ ಮನೆಯ ಮೊದಲ ಹಬ್ಬಕ್ಕೆ ನೀನು ಸಗಣಿ ಬುಟ್ಟಿ ಹಿಡಿದು ಹೊಸ್ತಿಲಲ್ಲಿ ನಿಂತೆ. ನನ್ನ ಮುಖವನ್ನೊಮ್ಮೆ ನೋಡಿದೆ. ಹಿತ್ತಲಿಗೆ ಬಳಸಿಕೊಂಡು ಹೋದೆ. ಆಮೇಲೆ ಪ್ರತಿ ವರ್ಷವೂ ಹಟ್ಟೆವ್ವನನ್ನು ಅಲ್ಲೇ ಕೂರಿಸಿದೆ.

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಕೊಟ್ಟಿಗೆಯಿಂದ ನಾನೇ ಸಗಣಿ ತಂದೆ. ಹಟ್ಟೆವ್ವ ನಿನ್ನ ಕೈಯಲ್ಲಿ ನಿಲ್ಲುತ್ತಿದ್ದಷ್ಟು ನೆಟ್ಟಗೆ ನಿಲ್ಲಲಿಲ್ಲ, ಸ್ವಲ್ಪ ವಾಲಿದ್ದಾಳೆ. ಉತ್ತರಾಣಿ ಕಡ್ಡಿ, ಚೆಂಡುಹೂ ಸಿಕ್ಕಿಸಿದೆ. ಕೈ ತೊಳೆದರೂ ವಾಸನೆ ಹೋಗಿಲ್ಲ. ನೀನು ನನ್ನ ತಲೆ ಬಾಚುವಾಗ ಬರುತ್ತಿದ್ದ ವಾಸನೆ ಅದು. ಮತ್ತೆ ತೊಳೆಯಲಿಲ್ಲ.

ಮುಂಬಾಗಿಲಲ್ಲೇ ಕೂರಿಸಿದ್ದೇನೆ, ಅವ್ವಾ. ಈ ಸಲ ಹಿತ್ತಲಿಗೆ ಬಳಸಿಕೊಂಡು ಬರಬೇಡ.