ಬ್ರಾಕೆಟ್ಟಿನಲ್ಲಿ ನಗು

ರಾಜಧಾನಿ, ಟೈಪಿಂಗ್ ಕೋಣೆ
ಮಾರ್ಚ್ ೧೨, ಊಟದ ಬಿಡುವು

ಪ್ರೀತಿಯ ಅಪ್ಪಾ,

ಭುಜದ ನೋವು ಹೇಗಿದೆ? ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದೀಯೋ, ಇಲ್ಲ ಅಮ್ಮನಿಗೆ 'ಆಯ್ತು ಆಯ್ತು' ಅಂದು ದೋಣಿ ಹತ್ತಿಬಿಡುತ್ತೀಯೋ? ನೀನು ಎರಡನೆಯದನ್ನೇ ಮಾಡುವವನು, ನನಗೆ ಗೊತ್ತು. ನಾನು ಚೆನ್ನಾಗಿದ್ದೇನೆ. ಕಿವಿ ಮಾತ್ರ ಕೆಟ್ಟಿದೆ, ಕಾರಣ ನಮ್ಮ ನಾಯಕರು.

ಈ ದೇಶದ ನಾಯಕರು ಕೂತು ಮಾತಾಡುವುದಿಲ್ಲ, ಬರೆದಂತೂ ಕೊಡುವುದಿಲ್ಲ. ದಿನಾ ಬೆಳಿಗ್ಗೆ ಬಾಗಿಲಿನಿಂದ ಕಾರಿನವರೆಗೆ ಹನ್ನೊಂದು ಹೆಜ್ಜೆ ನಡೆಯುವಾಗ, ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡೇ ವರದಿಗಾರರ ಕಡೆ ನಾಲ್ಕು ಮಾತು ಎಸೆಯುತ್ತಾರೆ. ಅದೇ ಸರ್ಕಾರದ ನೀತಿ. ಆ ಧ್ವನಿಮುದ್ರಣ ಕೇಳಿ ಟೈಪ್ ಮಾಡುವವಳು ನಾನು. ಕೆಮ್ಮು ತೆಗೆಯಬೇಕು, ಬೈಗುಳ ತೆಗೆಯಬೇಕು, ಬಿಸ್ಕತ್ತಿನ ನಡುವೆ ಸಿಕ್ಕಿಕೊಂಡ ಕ್ರಿಯಾಪದ ಹುಡುಕಬೇಕು. ನನ್ನ ಮೇಲಧಿಕಾರಿ ಕಂಡಲ್ಲೆಲ್ಲ ಅಲ್ಪವಿರಾಮ ಹಾಕುತ್ತಾನೆ, ಹಾಗಾಗಿ ನಾವು ಅವನನ್ನು ಅಲ್ಪವಿರಾಮ ಎಂದೇ ಕರೆಯುವುದು. ಅವನು ಸಹಿ ಮಾಡಿದ ಮೇಲೆ ಹಾಳೆ ಎಲ್ಲ ಇಲಾಖೆಗೂ ಹೋಗುತ್ತದೆ. ಅವರು ಅದನ್ನು ಕಣ್ಣಿಗೊತ್ತಿಕೊಂಡು ಆದೇಶ ಹೊರಡಿಸುತ್ತಾರೆ. ಒಂದೇ ವಿನಾಯಿತಿ: ಕೇಳಿದವರು ನಕ್ಕರೆ ಮಾತಿನ ಮುಂದೆ ಬ್ರಾಕೆಟ್ಟಿನಲ್ಲಿ 'ನಗು' ಎಂದು ಹಾಕುತ್ತೇನೆ; ಹಾಗಿದ್ದರೆ ಅದು ತಮಾಷೆ, ಆದೇಶವಿಲ್ಲ. ಹೋದ ವರ್ಷ ತಡವಾಗಿ ಎದ್ದ ದಿನ ನಾಯಕರು 'ಗಡಿಯಾರಾನೇ ಹತ್ತು ನಿಮಿಷ ಹಿಂದಿಡ್ರಿ' ಅಂದರು. ವರದಿಗಾರರು ಆಕಳಿಸುತ್ತಿದ್ದರು, ಯಾರೂ ನಗಲಿಲ್ಲ. ಇವತ್ತಿಗೂ ನಮ್ಮ ಕಚೇರಿಯ ಗಡಿಯಾರಗಳೆಲ್ಲ ಹತ್ತು ನಿಮಿಷ ಹಿಂದೆ. ಇಂಥವರ ಕೈಗೆ ದೇಶ ಕೊಟ್ಟಿದ್ದೇವೆ ಅಪ್ಪ. ನೀನಾದರೆ ದೋಣಿಯ ಹಗ್ಗ ಹಿಡಿದುಕೊಳ್ಳಲೂ ಕೊಡುತ್ತಿರಲಿಲ್ಲ.

ಇವತ್ತು ಒಬ್ಬ ವರದಿಗಾರ್ತಿ, ಪಾಪ, ಸರಿಯಾದ ಪ್ರಶ್ನೆಯನ್ನೇ ಕೇಳಿದಳು. ನಮ್ಮೂರಿನಂಥ ಸೇತುವೆ ಇಲ್ಲದ ಊರುಗಳ ಸರ್ಕಾರಿ ದೋಣಿಗಳ ಗತಿ ಏನು ಎಂದು. ನಾಯಕರು ಒಂದು ಕಾಲು ಕಾರಿನೊಳಗಿಟ್ಟು ಅಪ್ಪಣೆ ಕೊಡಿಸಿದರು: 'ಪುಕ್ಕಟೆ ದೋಣಿ ಯಾಕ್ರೀ? ಈಜು ಕಲೀಲಿ. ಮುಂದಿನ ತಿಂಗಳಿಂದ ಬಂದ್.' ಆಮೇಲೆ ಕಾರಿನ ಬಾಗಿಲು ಹಾಕಿದ ಸದ್ದು. ಮೂರು ಸಲ ಕೇಳಿದೆ. ನಿನ್ನ ದೋಣಿಯಲ್ಲಿ ಶಾಲೆಗೆ ದಾಟುವ ಮಕ್ಕಳು, ಆಸ್ಪತ್ರೆಗೆ ದಾಟುವ ಬಸುರಿಯರು, ಇವರೆಲ್ಲ ನಾಯಕರಿಗೆ ಬಿಸ್ಕತ್ತಿನ ಪುಡಿಗೂ ಸಮವಲ್ಲ. ಮೂವತ್ತು ವರ್ಷ, ಹೊಳೆ ಉಕ್ಕಿದ ದಿನವೂ ಬಿಡದೆ ಹುಟ್ಟು ಹಾಕಿದವನು ನೀನು. ಹನ್ನೊಂದು ಹೆಜ್ಜೆಗೆ ಏದುಸಿರು ಬಿಡುವ ಈ ಮನುಷ್ಯ ಊರಿಗೆಲ್ಲ ಈಜು ಹೇಳಿಕೊಡುತ್ತಾನೆ! ನನಗೆ ಸಿಟ್ಟಿಗಿಂತ ಹೇಸಿಗೆ ಹೆಚ್ಚಾಯಿತು.

ಈ ಪತ್ರ ತಲುಪುವಷ್ಟರಲ್ಲಿ ಯಾರಾದರೂ ರೇಡಿಯೋ ಕೇಳಿ ಬಂದು ನಿನ್ನ ತಲೆ ತಿಂದಿರುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡ. ಇಲಾಖೆಗೆ ಹೋದ ಹಾಳೆಯಲ್ಲಿ ಆ ಮಾತಿನ ಮುಂದೆ 'ನಗು' ಎಂದಿದೆ. ಆದೇಶ ಬರುವುದಿಲ್ಲ. ನೀನು ಎಂದಿನಂತೆ ದೋಣಿ ಬಿಡು.

ಅಮ್ಮನಿಗೆ ನಮಸ್ಕಾರ, ತಮ್ಮನ ಬೆನ್ನಿಗೆ ನನ್ನ ಲೆಕ್ಕದಲ್ಲಿ ಒಂದು ಗುದ್ದು.

ನಿನ್ನ ಬಾಯಿಬಡುಕಿ ಮಗಳು

ಮತ್ತೆ: ಬಿಡುವು ಮುಗಿಯಿತು, ಬೇಗ ಹೇಳಿಬಿಡುತ್ತೇನೆ. ಅಲ್ಲಿ ಯಾರೂ ನಗಲಿಲ್ಲ ಅಪ್ಪ. ಆ ನಗು ಹಾಕಿದವಳು ನಾನು. ಅಲ್ಪವಿರಾಮ ಎರಡು ಸಲ ಓದಿದ, ನನ್ನ ಮುಖ ನೋಡಿದ, ಒಂದು ಚುಕ್ಕೆಯನ್ನೂ ತಿದ್ದದೆ ಸಹಿ ಮಾಡಿದ. ಆದರೆ ಧ್ವನಿಮುದ್ರಣ ವರದಿಗಾರರ ಹತ್ತಿರವೂ ಇದೆ. ಯಾರಾದರೂ ಹೋಲಿಸಿ ನೋಡಿದರೆ ನನ್ನ ಕೆಲಸ ಹೋಗುತ್ತದೆ. ಅಟ್ಟದ ಮೇಲಿರುವ ಎರಡನೆಯ ಹುಟ್ಟನ್ನು ಇಳಿಸಿ ಒರೆಸಿಡು.