ಮುಂದಿನ ಸ್ಟಾಪ್ ಕೂಗಬಾರದು

ಜೂನ್ 4, ಸಂಜೆ

ಇವತ್ತೂ ಸಲೂನ್ ಮೇಲಿನ ರೂಮು. ಮಕ್ಕಳ ಓದಿನ ಕೂಟ. ಬೀದಿಗೆ ಬೀದಿಯೇ ಮೇಷ್ಟ್ರು — ಲೆಕ್ಕಕ್ಕೆ ಸಲೂನಿನವನು, ಇಂಗ್ಲಿಷಿಗೆ ನರ್ಸಮ್ಮ, ಓದಿಗೆ ರಿಟೈರ್ಡ್ ಬಸ್ ಕಂಡಕ್ಟರಾದ ನಾನು. ಸಂಬಳವಿಲ್ಲ. ಗೌರವ ಇದೆಯಂತೆ, ಇನ್ನೂ ಕೈಗೆ ಸಿಕ್ಕಿಲ್ಲ.

ನನ್ನ ಪಾಲಿಗೆ ಬಂದವಳು ‘ಪಿಸುಮಾತು’, ಹೆಸರು ನಾನಿಟ್ಟದ್ದು. ಪುಟ್ಟ ಹುಡುಗಿ, ದನಿ ಮೂಗಿನ ತುದಿ ದಾಟುವುದಿಲ್ಲ. ‘ಆ...’ ಅಂದಳು. ‘ಆಮೆ’ ಅಂದೆ. ‘ನ...’ ಅಂದಳು. ‘ನದಿಗೆ’ ಅಂದೆ. ಪಾಠ ಸರಾಗವಾಗಿ ಮುಗಿಯಿತು. ನನ್ನ ಓದು ಬಹಳ ಸುಧಾರಿಸಿದೆ.

ಜೂನ್ 8

ಪಿಸುಮಾತಿನ ತಾಯಿ ಬಂದಿದ್ದಳು. ಟೈಲರು, ಕುತ್ತಿಗೆಯಲ್ಲಿ ಟೇಪು.

“ಒಂದು ಸಾಲೂ ಬರಲ್ಲ ಇವಳಿಗೆ. ಈ ಶನಿವಾರ ನನ್ನೆದುರು ಒಂದು ಪುಟ ಓದಲಿ. ಇಲ್ಲಾಂದ್ರೆ ಬಿಡಿಸ್ತೀನಿ. ನನ್ನ ಜೊತೆ ಗುಂಡಿ ಹಾಕ್ಕೊಂಡಿರ್ತಾಳೆ.”

ಹುಡುಗಿ ಪುಸ್ತಕ ಎದೆಗೆ ಅವುಚಿಕೊಂಡಳು. ಹೊರಡುವಾಗ ಅದನ್ನು ಅವಳ ಕೈಯಿಂದ ಬಿಡಿಸಿಕೊಳ್ಳೋಕೆ ನನಗೆ ಸಾಕುಸಾಕಾಯ್ತು.

ಮನೇಲಿ ಹೇಳಿದೆ. ಹೆಂಡತಿ ಅಂದಳು: “ನೀವು ಬಾಯಿ ಬಿಡೋಕೆ ಬಿಟ್ರೆ ತಾನೆ ಮಗು ಓದೋದು? ಮದುವೆಯಾದಾಗಿಂದ ನಾನೇ ಒಂದು ಮಾತು ಪೂರ್ತಿ...”

“ಆಡಿಲ್ಲ” ಅಂದೆ.

ಕಾಫಿ ಲೋಟ ನನ್ನ ಮುಂದೆ ಕುಕ್ಕಿ ಒಳಗೆ ಹೋದಳು.

ಜೂನ್ 9

ಕೂಟ ನಡೆಸುವ ಮೇಡಂ ಮುಂದೆ ವಿಚಾರಣೆ. “ತಾತ, ಸ್ಟಾಪ್ ಬರೋ ಮೊದಲೇ ಕೂಗೋದು ಬಸ್ಸಿಗೆ ಸರಿ. ಇಲ್ಲಿ ಮಗು ತಾನೇ ಕಿಟಕೀಲಿ ನೋಡಿ ಇಳೀಬೇಕು.” ಸಜೆ: ಓದು ಕೇಳುವಾಗ ಬಾಯಲ್ಲಿ ಪೆಪ್ಪರ್‌ಮಿಂಟ್. ಕಚ್ಚುವಂತಿಲ್ಲ. ಅಪೀಲಿಲ್ಲ.

ಜೂನ್ 11

‘ಮೊಸಳೆ’ಗೆ ಅವಳು ತೆಗೆದುಕೊಂಡ ಹೊತ್ತಿನಲ್ಲಿ ಕೆಳಗೆ ಎರಡು ತಲೆ ಕಟಿಂಗ್ ಆದವು. ನಾಲಗೆ ನವೆಯಾಗಿ ನಾನು ಬೆವತೆ. ಕೊನೆಗೂ ಬಂತು — ಮೊಸಳೆ. ಅವಳದೇ. ಸ್ವಲ್ಪ ಜೋರಾಗಿಯೇ...

ಜೂನ್ 13, ಶನಿವಾರ

ತಾಯಿ ಎದುರಿಗೆ ಕೂತಳು. ಪಿಸುಮಾತು ಎದ್ದು ನಿಂತಳು. ‘ಆಮೆ ನದಿಗೆ...’ ಗಾಡಿ ನಿಂತೇಹೋಯ್ತು. ತಾಯಿಗೆ ತಡೆಯಲಾಗಲಿಲ್ಲ, ಹೇಳಿಕೊಡಲು ಬಾಯಿ ತೆರೆದಳು. ತಕ್ಷಣ ಪೆಪ್ಪರ್‌ಮಿಂಟ್ ಡಬ್ಬಿ ಚಾಚಿದೆ. ನನ್ನ ಉಬ್ಬಿದ ಕೆನ್ನೆ ನೋಡಿದಳು. ಒಂದು ತೆಗೆದು ಬಾಯಿಗೆ ಹಾಕಿಕೊಂಡಳು.

ಕಾದೆವು.

‘...ಇಳಿಯಿತು.’ ಆಮೇಲೆ ಪುಟದ ತುದಿವರೆಗೆ, ಕುಂಟುತ್ತ, ಒಬ್ಬಳೇ. ಮೆಟ್ಟಿಲಲ್ಲಿ ನಿಂತ ಸಲೂನಿನವನಿಗೂ ಕೇಳಿಸುವ ಹಾಗೆ.

“ಅಮ್ಮ, ಇನ್ನೊಂದು ಪುಟ ಇದೆ.”

ತಾಯಿ ಬಾಯಲ್ಲಿ ಇನ್ನೂ ಪೆಪ್ಪರ್‌ಮಿಂಟ್. ಕಣ್ಣೊರೆಸಿಕೊಂಡು, ತಿರುಗಿಸು ಅಂತ ಕೈಸನ್ನೆ ಮಾಡಿದಳು.

ಇದನ್ನು ಬರೀತಾ ಇದ್ದರೆ ಹೆಂಡತಿ ಬಾಗಿಲಲ್ಲಿ ನಿಂತು, “ಏನ್ರೀ, ಹಾಗಾದ್ರೆ ಸೋಮವಾರದಿಂದ ಆ ಹುಡುಗಿ...” ಅಂದಳು. ತಲೆ ಎತ್ತಿದೆ. ಮುಂದಿನದು ನನಗೆ ಗೊತ್ತು. ಹೇಳಲಿಲ್ಲ. ಅವಳಿಗೇ ಆಶ್ಚರ್ಯ. ಕಾಯ್ತಾ ಇದ್ದೀನಿ, ಅವಳೇ —