ಅಕ್ಷರದಲ್ಲೇ ನಾಡಿ ನೋಡಿದವರು

ಅಪ್ಪ,

ನೀವು ತೀರಿಕೊಂಡು ಆರು ವರ್ಷವಾದರೂ ಎಡಿನ್‌ಬರೋ ನಿಮ್ಮನ್ನು ಮರೆತಿಲ್ಲ. ಇಂದು ಕಾಫಿ ಅಂಗಡಿಯಲ್ಲಿ ಕಿನ್ಲಾಕ್ ಎಂಬ ಹೊಸ ವೈದ್ಯ ನಿಮ್ಮ ಹೆಸರೆತ್ತಿ ನಕ್ಕ. "ರೋಗಿಯ ಮುಖ ನೋಡದೆ ಕಾಗದದಲ್ಲೇ ಮದ್ದು ಬರೀತಿದ್ದ ಮಹಾನುಭಾವ! ಅಂಚೆಯವನಿಗೂ ವೈದ್ಯ ಪದವಿ ಕೊಡಬೇಕಿತ್ತು."

ನಾನು ಎದ್ದು ನಿಂತೆ.

"ಸ್ವಾಮಿ, ಮೂವತ್ತು ವರ್ಷದ ಹಿಂದೆ ಆರ್ಕ್ನಿ ದ್ವೀಪದಿಂದ ಇಸೊಬೆಲ್ ಅನ್ನೋ ಹೆಂಗಸು ಗಂಡನ ಹೊಟ್ಟೆನೋವಿನ ಬಗ್ಗೆ ಬರೆದ್ಲು. ನಮ್ಮಪ್ಪ ಏನಂತ ಉತ್ತರ ಕೊಟ್ರು ಗೊತ್ತಾ? 'ನಿನ್ನ ಗಂಡನಿಗೆ ಗಂಜಿ ಸಾಕು ತಾಯಿ. ಆದರೆ ನಿನ್ನ ಅಕ್ಷರ ಸಾಲುಸಾಲಿಗೂ ಕುಸೀತಿದೆ. ಔಷಧಿ ಬೇಕಿರೋದು ನಿನಗೆ.' ಆಯಮ್ಮ ಇವತ್ತಿಗೂ ಬದುಕಿದ್ದಾಳೆ. ನೀವು ಕೈ ಹಿಡಿದು ನೋಡಿದವರಲ್ಲಿ ಎಷ್ಟು ಜನ ಉಳಿದಿದಾರೆ, ಹೇಳಿ?"

ಅಂಗಡಿಯೆಲ್ಲ ಗೊಳ್ಳೆಂದಿತು. ಕಿನ್ಲಾಕ್ ಕಾಫಿ ಅರ್ಧಕ್ಕೇ ಬಿಟ್ಟು ಹೊರಟ. ನಿಮ್ಮ ಮಗನೆಂದು ಹೇಳಿಕೊಳ್ಳಲು ನನ್ನ ಎದೆ ಉಬ್ಬಿತ್ತು.

ನಿಮ್ಮ ಕಣ್ಣು ಎಂಥದೆಂದು ನನಗಿಂತ ಬಲ್ಲವರು ಯಾರು? ಲಂಡನ್ನಿನಲ್ಲಿ ಕುಡಿತಕ್ಕೆ ಬಿದ್ದ ಎರಡು ವರ್ಷ, ನಿಮಗೆ ಬರೆಯಬೇಕಾದ ಕಾಗದಗಳನ್ನೆಲ್ಲ ನಾನು ಹೆಂಡತಿಯಿಂದಲೇ ಬರೆಸಿದೆ. ನಿಮ್ಮ ಕೊನೆಯ ಉತ್ತರ ಬಂದದ್ದೂ ಅವಳ ಹೆಸರಿಗೇ.

"ಎಲ್ಲ ಕ್ಷೇಮ ಅಂತ ಬರೆದಿದ್ದೀಯ, ಸಂತೋಷ ಮಗಳೇ. ಮುಂದಿನ ಸಲ ಒಂದು ಸಾಲಾದರೂ ಅವನ ಕೈಯಿಂದ ಬರೆಸು. ಅಕ್ಷರ ಹೇಗಿದ್ದರೂ ಸರಿ."